ಒಂದೇ ಕಣ್ಣಿನಲ್ಲಿ ಎರಡು ದಶಕ

ಕ್ರೀಡಾಪಟುಗಳ ವಿಷಯ ಬರೆಯುವವರು ಅವರು ಗೆದ್ದ ಪದಕಗಳಿಂದಲೋ ಹೊಡೆದ ಗೋಲುಗಳಿಂದಲೋ ಆರಂಭಿಸುವುದು ವಾಡಿಕೆ. ಆ ವಾಡಿಕೆಯನ್ನು ಅನುಸರಿಸಿದರೆ ನಾನು ಇಲ್ಲಿ ಪರಿಚಯಿಸಹೊರಟಿರುವವರ ಕಥೆ ಬಹುಬೇಗ ಮುಗಿದುಹೋಗುತ್ತದೆ. ಕೆನಡಾ ದೇಶದ ವಿಲ್ಲಿ ಓರೀ ಅವರು ಐಸ್ ಹಾಕಿಯ ಅತ್ಯುನ್ನತ ಪಂದ್ಯಾವಳಿಯಾದ ನ್ಯಾಷನಲ್ ಹಾಕಿ ಲೀಗಿನಲ್ಲಿ ಆಡಿದ್ದು ಕೇವಲ 45 ಪಂದ್ಯ. ಅದರಲ್ಲಿ ಅವರು ಹೊಡೆದದ್ದು 4 ಗೋಲು. ಸಹ ಆಟಗಾರರ ಗೋಲಿಗೆ ನೆರವಾದದ್ದು 10 ಸಲ. ಆ ಲೀಗಿಗೆ ಕಾಲಿಟ್ಟ ಕಪ್ಪು ಜನಾಂಗದ ಮೊದಲ ಆಟಗಾರರು ಅವರೆಂಬ ಕಾರಣಕ್ಕಾಗಿ ಲೋಕ ಅವರನ್ನು ನೆನೆಯುತ್ತದೆ, ಅದು ನ್ಯಾಯವೇ. ಆದರೆ ನನ್ನನ್ನು ಅವರ ಕಡೆಗೆ ಸೆಳೆದ ಸಂಗತಿ ಬೇರೆ. ಅವರ ಬಲಗಣ್ಣು ಕಾಣುತ್ತಿರಲಿಲ್ಲ. ನನ್ನದೂ ಕಾಣುವುದಿಲ್ಲ.

ನಮ್ಮ ಓದುಗರಲ್ಲಿ ಹಲವರು ಬಯಲಿನ ಹಾಕಿಯನ್ನು ಬಲ್ಲವರು. ಕೆಲವರು ಆಡಿದವರೂ ಹೌದು. ಐಸ್ ಹಾಕಿ ಅದರ ದಾಯಾದಿಯೇ ಆದರೂ ಸ್ವಭಾವದಲ್ಲಿ ಭಿನ್ನ. ಸುಮಾರು 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಅಂಗಳ. ಅದರ ಸುತ್ತ ಹಲಗೆಯ ಗೋಡೆ. ಕಾಲಿಗೆ ಉಕ್ಕಿನ ಅಲಗಿನ ಸ್ಕೇಟು. ಚೆಂಡಿಗೆ ಬದಲಾಗಿ ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಮೂರಂಗುಲ ಅಗಲ, ಒಂದಂಗುಲ ದಪ್ಪ, ತೂಕ ಸುಮಾರು 170 ಗ್ರಾಂ. ಅದು ನೆಗೆಯದಿರಲೆಂದು ಪಂದ್ಯಕ್ಕೆ ಮುಂಚೆ ಅದನ್ನೂ ಹೆಪ್ಪುಗಟ್ಟುವಂತೆ ತಣಿಸುತ್ತಾರೆ. ತಂಡಕ್ಕೆ ಆರು ಮಂದಿ: ಗೋಲಿ, ಇಬ್ಬರು ರಕ್ಷಕರು, ಮೂವರು ಫಾರ್ವರ್ಡುಗಳು ಎಂದರೆ ಮುಂಪಡೆಯವರು. ಈ ಮೂವರಲ್ಲಿ ಒಬ್ಬ ನಡುವೆ, ಒಬ್ಬ ಎಡ ಪಾರ್ಶ್ವದಲ್ಲಿ, ಇನ್ನೊಬ್ಬ ಬಲ ಪಾರ್ಶ್ವದಲ್ಲಿ. ಪಕ್ ಯಾರ ಬಳಿಯಿದೆಯೋ ಅವನಿಗೆ ಮೈಯಿಂದ ಡಿಕ್ಕಿ ಹೊಡೆಯುವುದು ನಿಯಮಬದ್ಧ. ವೇಗ ಎಷ್ಟೆಂದರೆ, ಫಾರ್ವರ್ಡು ಒಂದು ಸಲಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಅಂಗಳದಲ್ಲಿ ನಿಲ್ಲುವುದು ಅಪರೂಪ. ಅಷ್ಟರಲ್ಲಿ ಉಸಿರು ಕಟ್ಟಿ ಬೆಂಚಿಗೆ ಮರಳುತ್ತಾನೆ. ಇಂಥ ಆಟದಲ್ಲಿ ಒಂದು ಕಣ್ಣಿಲ್ಲದವನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿಯಾರು.

ಓರೀ ಜನಿಸಿದ್ದು 1935ರ ಅಕ್ಟೋಬರ್ 15ರಂದು, ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಫ್ರೆಡರಿಕ್ಟನ್ ನಗರದಲ್ಲಿ. ದೊಡ್ಡ ಕುಟುಂಬದ ಕಡೆಯ ಕೂಸು. ಊರಿನಲ್ಲಿದ್ದ ಕಪ್ಪು ಜನರ ಮನೆಗಳು ಎರಡೇ. ಚಳಿಗಾಲದಲ್ಲಿ ತಂದೆ ಹಿತ್ತಲಿಗೆ ನೀರು ಹಾಯಿಸಿದರೆ ಅದೇ ಹೆಪ್ಪುಗಟ್ಟಿ ಅಂಗಳವಾಗುತ್ತಿತ್ತು; ಮೂರನೆಯ ವಯಸ್ಸಿಗೇ ಮಗು ಸ್ಕೇಟು ಕಟ್ಟಿತು. ಕೆನಡಾದ ಪೂರ್ವ ತೀರದಲ್ಲಿ ಕಪ್ಪು ಜನಾಂಗದವರ ಹಾಕಿ ಹೊಸದೇನೂ ಆಗಿರಲಿಲ್ಲ. 1895ರಷ್ಟು ಹಿಂದೆಯೇ ಹ್ಯಾಲಿಫ್ಯಾಕ್ಸಿನಲ್ಲಿ ಅವರದೇ ಒಂದು ಲೀಗು ಹುಟ್ಟಿತ್ತು. ಓರೀಗಿಂತ ಹಿರಿಯರಾದ ಹರ್ಬ್ ಕಾರ್ನೆಗಿ ಎಂಬ ಫಾರ್ವರ್ಡು 1940ರ ದಶಕದಲ್ಲಿ ಅತ್ಯುತ್ತಮವಾಗಿ ಆಡುತ್ತಿದ್ದರೂ ನ್ಯಾಷನಲ್ ಲೀಗಿನ ಬಾಗಿಲು ಅವರಿಗೆ ತೆರೆಯಲೇ ಇಲ್ಲ. ಆಗ ಲೀಗಿನಲ್ಲಿದ್ದ ತಂಡಗಳು ಆರೇ ಆರು.

1955–56ರ ಋತುವಿನಲ್ಲಿ ಓರೀ ಒಂಟಾರಿಯೋ ಪ್ರಾಂತ್ಯದ ಕಿಚನರ್ ನಗರದ ಕಿರಿಯರ ತಂಡದಲ್ಲಿದ್ದರು. ಗೋಲಿನೆದುರು ನಿಂತಿದ್ದಾಗ ಬಲವಾಗಿ ಹೊಡೆದ ಪಕ್ಕೊಂದು ದಿಕ್ಕು ತಪ್ಪಿ ಬಂದು ಮುಖಕ್ಕೆ ಬಡಿಯಿತು. ಮೂಗು ಮುರಿಯಿತು, ಕೆನ್ನೆಯ ಮೂಳೆ ಮುರಿಯಿತು, ಬಲಗಣ್ಣಿನ ದೃಷ್ಟಿಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಹೋಯಿತು. ಇನ್ನು ಆಟದ ಮಾತಿಲ್ಲವೆಂದರು ವೈದ್ಯರು. ಕೆಲವೇ ವಾರಗಳಲ್ಲಿ ಅವರು ಮತ್ತೆ ಮಂಜುಗಡ್ಡೆಯ ಮೇಲಿದ್ದರು. ಆಪ್ತರಾದ ಒಬ್ಬಿಬ್ಬರ ಹೊರತು ಯಾರಿಗೂ ವಿಷಯ ತಿಳಿಸಲಿಲ್ಲ, ತಂದೆತಾಯಿಗಳಿಗೂ ಇಲ್ಲ.

ನನ್ನ ಕಣ್ಣು ಹೋದದ್ದು ಒಂಬತ್ತನೆಯ ವಯಸ್ಸಿನಲ್ಲಿ, ಚಿಣ್ಣಿದಾಂಡಿನಲ್ಲಿ. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆದರೆ ಒಂದು ಕಣ್ಣು ಇಲ್ಲವೆಂದರೆ ಲೋಕ ಅರ್ಧ ಮಾತ್ರ ಕಾಣುತ್ತದೆ ಎಂದು ಜನ ಭಾವಿಸುವುದು ತಪ್ಪು. ಕಾಣುವುದು ಬಹುತೇಕ ಎಲ್ಲವೂ ಕಾಣುತ್ತದೆ, ದೂರವೇ ತಿಳಿಯದು. ಹೂಜಿಯಿಂದ ಲೋಟಕ್ಕೆ ಬಗ್ಗಿಸಿದ ನೀರು ಲೋಟದ ಪಕ್ಕಕ್ಕೆ ಬೀಳುತ್ತದೆ. ಮೆಟ್ಟಿಲು ಮುಗಿದ ಮೇಲೂ ಕಾಲು ಇನ್ನೊಂದು ಮೆಟ್ಟಿಲನ್ನು ಹುಡುಕುತ್ತದೆ. ಬಲಗಡೆಯಿಂದ ಬಂದ ಸೈಕಲ್ಲು ಮೊಳಕೈಗೆ ತಾಗಿದ ಮೇಲೆಯೇ ಗೊತ್ತಾಗುವುದು. ಬರಬರುತ್ತ ಮನಸ್ಸು ಬೇರೆ ದಾರಿಗಳನ್ನು ಕಲಿಯುತ್ತದೆ: ವಸ್ತುವಿನ ನೆರಳು, ಅದು ದೊಡ್ಡದಾಗುವ ಪರಿ, ತಲೆಯನ್ನು ತುಸು ಆಚೀಚೆ ಆಡಿಸಿದಾಗ ಯಾವುದು ಬೇಗ ಸರಿಯಿತು, ಯಾವುದು ನಿಧಾನವಾಗಿ ಸರಿಯಿತು ಎಂಬ ಲೆಕ್ಕ. ನಾನು ಇದನ್ನು ಕಲಿತದ್ದು ವರ್ಷಗಳ ಮೇಲೆ, ಮನೆಯ ಅಂಗಳದಲ್ಲಿ. ಓರೀ ಕಲಿತದ್ದು ಎದುರಾಳಿ ಮೈಮೇಲೆ ಬೀಳುವ ಅಂಗಳದಲ್ಲಿ, ಕ್ಷಣಾರ್ಧದ ಅವಕಾಶದಲ್ಲಿ.

ಅವರ ಕಷ್ಟಕ್ಕೆ ಇನ್ನೊಂದು ಗಂಟಿತ್ತು. ಅವರು ಆಡುತ್ತಿದ್ದದ್ದು ಎಡ ಪಾರ್ಶ್ವದಲ್ಲಿ. ಎಡ ಪಾರ್ಶ್ವದವನ ಎಡಕ್ಕೆ ಇರುವುದು ಗೋಡೆ. ನಡುವಿನ ಫಾರ್ವರ್ಡು, ಪಕ್, ಡಿಕ್ಕಿ ಹೊಡೆಯಲು ಬರುವ ರಕ್ಷಕ ಎಲ್ಲವೂ ಬರುವುದು ಬಲದಿಂದ, ಎಂದರೆ ಕಣ್ಣಿಲ್ಲದ ಕಡೆಯಿಂದ. ಹಾಗಾಗಿ ಪಕ್ ಪಡೆಯಬೇಕಾದರೆ ಅವರು ಪೂರ್ತಿ ಕತ್ತು ತಿರುಗಿಸಿ ಎಡಗಣ್ಣಿಗೆ ಅದನ್ನು ತೋರಿಸಬೇಕಿತ್ತು. ಆ ಹೊತ್ತಿನಲ್ಲಿ ಮುಂದೇನಿದೆಯೆಂಬುದು ಕಾಣುತ್ತಿರಲಿಲ್ಲ. ಗೋಡೆಯನ್ನು ನೋಡಿಕೊಂಡು ಇರಬಲ್ಲ ಕಣ್ಣು ಚೆನ್ನಾಗಿತ್ತು, ಆಟವನ್ನು ನೋಡಬೇಕಾದ ಕಣ್ಣು ಕುರುಡಾಗಿತ್ತು. ಇದನ್ನು ಓದಿದ ದಿನ ನಾನು ಪುಸ್ತಕವನ್ನು ಕೆಳಗಿಟ್ಟು, ಎದ್ದು ನಿಂತು, ಕೊಠಡಿಯಲ್ಲಿ ಕತ್ತು ತಿರುಗಿಸಿಕೊಂಡೇ ನಡೆದು ನೋಡಿದೆ. ಹತ್ತು ಹೆಜ್ಜೆ ಹಾಕುವುದು ಕಷ್ಟವಾಯಿತು.

ಹೀಗೆ ಆಡುತ್ತಲೇ ಅವರು ಕ್ವಿಬೆಕ್ ಏಸಸ್ ತಂಡದ ಮೂಲಕ 1958ರ ಜನವರಿ 18ರಂದು ನ್ಯಾಷನಲ್ ಲೀಗನ್ನು ಮುಟ್ಟಿದರು. ಗಾಯಗೊಂಡ ಆಟಗಾರರೊಬ್ಬರ ಸ್ಥಾನಕ್ಕೆ ಬಾಸ್ಟನ್ ಬ್ರೂಯಿನ್ಸ್ ತಂಡ ಕರೆಸಿಕೊಂಡಿತ್ತು. ಮಾಂಟ್ರಿಯಲ್ ಫೋರಮ್ಮಿನಲ್ಲಿ ಅಂದು ಬಾಸ್ಟನ್ 3–0ಯಿಂದ ಗೆದ್ದಿತು. ಎರಡು ಪಂದ್ಯವಾದ ಮೇಲೆ ಮತ್ತೆ ಕೆಳಗಿನ ಲೀಗಿಗೆ. ಪುನಃ ಕರೆ ಬಂದದ್ದು 1960–61ರಲ್ಲಿ. ಆ ಋತುವಿನ 43 ಪಂದ್ಯಗಳಲ್ಲಿಯೇ ಅವರ ನಾಲ್ಕೂ ಗೋಲುಗಳು ಬಂದವು. ಮೊದಲನೆಯದು 1961ರ ಹೊಸವರ್ಷದ ದಿನ ಬಾಸ್ಟನ್ ಗಾರ್ಡನ್ನಿನಲ್ಲಿ, ಮಾಂಟ್ರಿಯಲ್ ವಿರುದ್ಧ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲ ಊರುಗಳಲ್ಲಿಯೂ ಇದೇ ಸ್ವಾಗತವಿರಲಿಲ್ಲ. ಬಣ್ಣವನ್ನು ಹಿಡಿದು ಬೈದವರು, ಬೇಕೆಂದೇ ಕೋಲಿನಿಂದ ಇರಿದವರು ಇದ್ದರು. ಷಿಕಾಗೋ ನಗರದ ಒಂದು ಪಂದ್ಯದಲ್ಲಿ ಅವರ ಮುಂಬಲ್ಲುಗಳೇ ಹೋದವು. ಆ ವಿವರಗಳು ಬೇರೆಡೆ ಹೇರಳವಾಗಿ ದೊರೆಯುತ್ತವೆ. ನಾನು ಮತ್ತೆ ಬರೆಯಲು ಇಚ್ಛಿಸುವುದಿಲ್ಲ. 1961ರ ಬೇಸಿಗೆಯಲ್ಲಿ ಬಾಸ್ಟನ್ ಅವರನ್ನು ಬಿಟ್ಟುಕೊಟ್ಟಿತು. ಅವರ ನಂತರ ಇನ್ನೊಬ್ಬ ಕಪ್ಪು ಆಟಗಾರ ಆ ಲೀಗಿಗೆ ಬಂದದ್ದು 1974ರಲ್ಲಿ.

ಇಲ್ಲಿಗೆ ಕಥೆ ಮುಗಿಯಿತೆಂದೇ ಬಹುಮಂದಿ ಬರೆಯುತ್ತಾರೆ. ನನ್ನ ಮಟ್ಟಿಗೆ ಅದರ ಸಾರವಿರುವುದು ಮುಂದಿನ ಭಾಗದಲ್ಲಿ. ಓರೀ ಪಶ್ಚಿಮ ತೀರಕ್ಕೆ ಹೋಗಿ, ನ್ಯಾಷನಲ್ ಲೀಗಿಗಿಂತ ಒಂದು ಮೆಟ್ಟಿಲು ಕೆಳಗಿದ್ದ ವೆಸ್ಟರ್ನ್ ಹಾಕಿ ಲೀಗಿನ ಲಾಸ್ ಏಂಜಲೀಸ್ ಬ್ಲೇಡ್ಸ್ ತಂಡವನ್ನು ಸೇರಿದರು. ಅಲ್ಲಿ ಅವರನ್ನು ಎಡದಿಂದ ಬಲ ಪಾರ್ಶ್ವಕ್ಕೆ ಬದಲಾಯಿಸಲಾಯಿತು. ಬದಲಾಯಿಸಿದವರಿಗೆ ಕಣ್ಣಿನ ವಿಷಯ ತಿಳಿದಿರಲಿಲ್ಲ. ತಂಡದ ಅನುಕೂಲಕ್ಕಾಗಿ ಮಾಡಿದ ಏರ್ಪಾಡು ಅದು. ಆದರೆ ಈಗ ಗೋಡೆ ಕುರುಡುಗಣ್ಣಿನ ಕಡೆಗೆ ಸರಿಯಿತು, ಇಡೀ ಆಟ ಎಡಗಣ್ಣಿನೆದುರಿಗೆ ಬಂತು. 1964–65ರಲ್ಲಿ ಅವರು 38 ಗೋಲು ಹೊಡೆದು ಆ ಲೀಗಿನಲ್ಲಿ ಅಗ್ರರಾದರು. ಮುಂದೆ ಸ್ಯಾನ್ ಡಿಯಾಗೊ ಗಲ್ಸ್ ತಂಡದಲ್ಲಿ, 1968–69ರಲ್ಲಿ, ಮತ್ತೆ 38 ಗೋಲು, ಮತ್ತೆ ಅಗ್ರಸ್ಥಾನ. ಆಗ ಅವರಿಗೆ ಮೂವತ್ತಮೂರು ವರ್ಷ. ಕಡೆಯ ಪಂದ್ಯವನ್ನು 1979ರಲ್ಲಿ, ನಲವತ್ತಮೂರರ ವಯಸ್ಸಿನಲ್ಲಿ ಆಡಿದರು. ಅಷ್ಟು ವರ್ಷಗಳ ಕಾಲ ತಂಡದ ವ್ಯವಸ್ಥಾಪಕರಿಗೆ ಗುಟ್ಟು ಬಿಟ್ಟುಕೊಡಲಿಲ್ಲ.

ಈ ಗುಟ್ಟಿನ ವಿಚಾರವಾಗಿ ನನ್ನ ಮನಸ್ಸು ಇಂದಿಗೂ ಒಂದು ಕಡೆಗೆ ನಿಲ್ಲದು. ಮೂವತ್ತು ವರ್ಷಕ್ಕೂ ಮಿಕ್ಕು ನಾನು ಗಣಿತ ಬೋಧಿಸಿದ್ದೇನೆ. ಪ್ರತಿ ವರ್ಷವೂ ತರಗತಿಯಲ್ಲಿ ಕರಿಹಲಗೆ ಕಾಣದ ಮಗು ಒಂದಾದರೂ ಇರುತ್ತಿತ್ತು, ಮತ್ತು ಅದು ತನಗೆ ಕಾಣುವುದಿಲ್ಲವೆಂದು ಹೇಳುತ್ತಿರಲಿಲ್ಲ. ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತಿತ್ತು. ನಾನು ಅಂಥವರನ್ನು ಬಹುಬೇಗ ಗುರುತಿಸುತ್ತಿದ್ದೆ. ಕತ್ತು ಓರೆ ಮಾಡುವ ರೀತಿಯೇ ಸಾಕು. ಕರೆದು, ತಂದೆಗೆ ಹೇಳಿಕಳುಹಿಸಿ, ಕಣ್ಣಾಸ್ಪತ್ರೆಗೆ ಕಳುಹಿಸುತ್ತಿದ್ದೆ. ಅಂಥ ಮಗುವಿನ ಕೈಗೆ ಓರೀ ಅವರ ಕಥೆಯನ್ನು ಕೊಟ್ಟು, ನೋಡು, ಇವರು ಮುಚ್ಚಿಟ್ಟು ದೊಡ್ಡವರಾದರು ಎಂದು ಹೇಳಲು ಯಾವ ಅಧ್ಯಾಪಕನಿಗೆ ನಾಲಿಗೆ ಹೊರಳೀತು? ಒಂದು ಕಣ್ಣು ಕುರುಡಾದವರಿಗೆ ಲೀಗಿನಲ್ಲಿ ಪ್ರವೇಶವಿಲ್ಲವೆಂಬ ನಿಯಮ ಸುಮ್ಮನೆ ಮಾಡಿದ್ದಲ್ಲ. ಉಳಿದ ಕಣ್ಣಿಗೂ ಪಕ್ ಬಡಿಯಬಹುದಿತ್ತು. ಆ ಕಾಲದಲ್ಲಿ ಬಹುತೇಕ ಆಟಗಾರರು ಬರಿತಲೆಯಲ್ಲಿಯೇ ಆಡುತ್ತಿದ್ದರು. ಲೀಗಿಗೆ ಹೊಸದಾಗಿ ಸೇರುವವರಿಗೆ ಶಿರಸ್ತ್ರಾಣ ಕಡ್ಡಾಯವಾದದ್ದು 1979ರಲ್ಲಿ, ಕಣ್ಣನ್ನು ಕಾಯುವ ಮುಖಪರದೆ ಕಡ್ಡಾಯವಾದದ್ದು 2013ರಲ್ಲಿ.

ಆದರೆ ಅವರು ಸತ್ಯ ನುಡಿದಿದ್ದರೆ 1958ರ ಜನವರಿ 18 ಇರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಬಣ್ಣವನ್ನು ಮುಚ್ಚಿಡಲು ಬರುತ್ತಿರಲಿಲ್ಲ. ಅದಕ್ಕಾಗಿ ಬೈಗುಳವನ್ನು ನೇರವಾಗಿ ಎದುರಿಸಿದರು. ಕಣ್ಣನ್ನು ಮುಚ್ಚಿಡಬಹುದಿತ್ತು, ಮುಚ್ಚಿಟ್ಟರು. ನನ್ನ ಕಣ್ಣಿನ ವಿಷಯ ಊರಿಗೆಲ್ಲ ಗೊತ್ತಿದ್ದುದರಿಂದ ಯಾವ ಆಟಕ್ಕೂ ನನ್ನನ್ನು ಕರೆಯಲಿಲ್ಲ. ಅಂಕ ಬರೆಯಲು ಕೂರಿಸಿದರು. ಗಣಿತ ಬಂದದ್ದು ಅಲ್ಲಿಂದಲೇ ಇರಬಹುದು, ಅದಕ್ಕಾಗಿ ನನಗೆ ಕೊರಗಿಲ್ಲ. ಆದರೂ ಓರೀ ಅವರ 38 ಗೋಲುಗಳ ಲೆಕ್ಕ ಓದಿದಾಗ ಬಯಲಂಚಿನಲ್ಲಿ ಅಂಕ ಬರೆಯುತ್ತಿದ್ದ ಹುಡುಗ ನನ್ನೊಳಗೆ ಎದ್ದು ನಿಂತದ್ದನ್ನು ಇಲ್ಲವೆನ್ನಲಾರೆ.

ಆಟ ಬಿಟ್ಟ ಮೇಲೆ ಅವರು ಸ್ಯಾನ್ ಡಿಯಾಗೊ ಬಳಿಯ ಹೋಟೆಲೊಂದರ ಭದ್ರತಾ ವಿಭಾಗದಲ್ಲಿ ದುಡಿದರು. 1998ರಲ್ಲಿ ನ್ಯಾಷನಲ್ ಲೀಗೇ ಅವರನ್ನು ಹುಡುಕಿಕೊಂಡು ಬಂದು, ಹಾಕಿಯನ್ನು ಕಾಣದ ಬಡಾವಣೆಗಳ ಮಕ್ಕಳ ಬಳಿಗೆ ಆಟವನ್ನು ಒಯ್ಯುವ ಹೊಣೆಯನ್ನು ಕೊಟ್ಟಿತು. 2018ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಅವರನ್ನು ಗೌರವಿಸಿತು, ಆದರೆ ಆಟಗಾರರೆಂದಲ್ಲ, ಆಟವನ್ನು ಕಟ್ಟಿ ಬೆಳೆಸಿದವರ ಸಾಲಿನಲ್ಲಿ. ನಾಲ್ಕು ಗೋಲುಗಳ ಲೆಕ್ಕದಲ್ಲಿ ಅದು ಸರಿಯಿರಬಹುದು. ಬಲ ಪಾರ್ಶ್ವದ ಆ ವರ್ಷಗಳನ್ನು ಲೆಕ್ಕಕ್ಕೆ ಹಿಡಿದವನಿಗೆ ತುಸು ಅಸಮಾಧಾನವಾಗುತ್ತದೆ. 2022ರ ಜನವರಿ 18ರಂದು, ಮೊದಲ ಪಂದ್ಯಕ್ಕೆ ಅರುವತ್ತನಾಲ್ಕು ವರ್ಷ ತುಂಬಿದ ದಿನ, ಬಾಸ್ಟನ್ ತಂಡ ಅವರ 22ನೆಯ ಸಂಖ್ಯೆಯನ್ನು ಇನ್ನಾರಿಗೂ ಕೊಡದಂತೆ ಕ್ರೀಡಾಂಗಣದ ಮೇಲ್ಛಾವಣಿಗೆ ಏರಿಸಿತು. ಕೊರೋನಾ ಕಾಲವಾದ್ದರಿಂದ ಎಂಬತ್ತಾರರ ಓರೀ ಬಾಸ್ಟನ್ನಿಗೆ ಹೋಗಲಾಗಲಿಲ್ಲ. ಸ್ಯಾನ್ ಡಿಯಾಗೊದಲ್ಲಿ ಕುಳಿತು ಪರದೆಯ ಮೇಲೆ ಅದನ್ನು ನೋಡಿದರು.