ತಾತ ತೊಳೆದ ನಾಣ್ಯ

ತಿಪಟೂರಿನ ಒಂದು ಚಿಕ್ಕ ಪ್ರೆಸ್ಸಿನಲ್ಲಿ ನಾನು 31 ವರ್ಷ ಕಂಪೋಸಿಟರ್ ಆಗಿದ್ದವನು. ಕೊಬ್ಬರಿ ಮಂಡಿಯ ರಸೀದಿ ಪುಸ್ತಕ, ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲವನ್ನೂ ಒಂದೊಂದೇ ಮೊಳೆ ಹೆಕ್ಕಿ ಜೋಡಿಸಿದ್ದೇನೆ. ಸೀಸದ ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಅದನ್ನೇ ಓದಿ ಓದಿ, ನೆಟ್ಟಗಿನ ಅಕ್ಷರಕ್ಕಿಂತ ತಿರುಗಿದ ಅಕ್ಷರವೇ ನನಗೆ ಬೇಗ ಹೊಳೆಯುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಈ ವಿದ್ಯೆಯನ್ನು ಕೇಳುವವರಿಲ್ಲದಾಯಿತು. ಮತ್ತೆ ಅದು ಕೆಲಸಕ್ಕೆ ಬಂದದ್ದು ಅಮೆರಿಕದಲ್ಲಿ, ನನ್ನ ಮೊಮ್ಮಗ ಓದಿಕೊಳ್ಳುವ ಮೇಜಿನ ಮೇಲೆ.

ಮಗನ ಮನೆ ಫಿಲಡೆಲ್ಫಿಯಾ ಊರಿನ ಹೊರಗೆ. ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋದಾಗ ಡಿಸೆಂಬರು. ಹೊರಗೆ ಮಂಡಿಯುದ್ದ ಹಿಮ. ಮಗ, ಸೊಸೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಮನೆ ಮೌನ. ಮೊಮ್ಮಗ ಪುಟ್ಟನಿಗೆ 12 ವರ್ಷ. ಶಾಲೆಯಿಂದ ಬಂದವನೇ ಕೋಣೆ ಸೇರಿ ದೀಪ ಹಾಕಿ, ಭೂತಗನ್ನಡಿ ಹಿಡಿದು ಕೂತುಬಿಡುತ್ತಿದ್ದ. ಮೊದಲ ವಾರ ನಾನು ಅತ್ತ ಹೋಗಲಿಲ್ಲ. ಎರಡನೆಯ ವಾರ ಬೇಸರ ತಡೆಯಲಾರದೆ ಬಾಗಿಲಲ್ಲಿ ಇಣುಕಿದೆ.

"ಬನ್ನಿ ತಾತ, ಆದ್ರೆ ಮುಟ್ಟಬೇಡಿ. ಅಂಚು ಮಾತ್ರ ಹಿಡ್ಕೋಬೇಕು" ಎಂದ.

ಅವನ ಅಂಗೈಯಲ್ಲಿ ಕಪ್ಪು ಬಣ್ಣಕ್ಕೆ ತಿರುಗಿದ ಬೆಳ್ಳಿ ನಾಣ್ಯವಿತ್ತು. ನಮ್ಮ ಹಳೆಯ ಬೆಳ್ಳಿ ರೂಪಾಯಿಗಿಂತ ಸ್ವಲ್ಪ ಅಗಲ. 1827ರ ಅರ್ಧ ಡಾಲರು. ನೆರೆಮನೆಗಳ ಮುಂದಿನ ಹಿಮ ಬಾಚಿ, ನಾಯಿಗಳನ್ನು ತಿರುಗಾಡಿಸಿ ಕೂಡಿಟ್ಟ ಹಣದಲ್ಲಿ, 110 ಡಾಲರು ಕೊಟ್ಟು ಕೊಂಡಿದ್ದನಂತೆ. ನಾಣ್ಯದ ಮೇಲೆ ಟೋಪಿ ತೊಟ್ಟ ಒಬ್ಬ ಹೆಂಗಸಿನ ಮುಖ, ಎಡಕ್ಕೆ 7 ನಕ್ಷತ್ರ, ಬಲಕ್ಕೆ 6.

"ಯಾವ ರಾಣಿಯೋ ಇವಳು?"

"ರಾಣಿ ಅಲ್ಲ ತಾತ, ಲಿಬರ್ಟಿ. ಸ್ವಾತಂತ್ರ್ಯ!"

1792ರಲ್ಲಿ ಅಮೆರಿಕದವರು ಟಂಕಸಾಲೆಯ ಕಾಯಿದೆ ಮಾಡುವಾಗ ಅಧ್ಯಕ್ಷರ ತಲೆಯನ್ನು ನಾಣ್ಯದ ಮೇಲೆ ಹಾಕುವ ಮಾತು ಬಂದಿತ್ತಂತೆ. ರಾಜರ ಕಾಟ ಈಗಷ್ಟೇ ತಪ್ಪಿದೆ, ಮತ್ತೆ ತಲೆಯ ಸಹವಾಸ ಬೇಡವೆಂದು ಸ್ವಾತಂತ್ರ್ಯದ ಚಿತ್ರ ಹಾಕಿದರು. ಟಂಕಸಾಲೆ ಫಿಲಡೆಲ್ಫಿಯಾದಲ್ಲೇ, ಏಳನೇ ಬೀದಿಯಲ್ಲಿತ್ತು. ಬೆಳ್ಳಿ ಡಾಲರು, ಅರ್ಧ ಡಾಲರುಗಳ ಮೊದಲ ಕಂತು ಹೊರಬಿದ್ದದ್ದು 1794ರಲ್ಲಿ. ಪುಟ್ಟನ ನಾಣ್ಯದ ಟೋಪಿಯ ಲಿಬರ್ಟಿಯನ್ನು ರೂಪಿಸಿದವನು ಜಾನ್ ರೈಕ್ ಎಂಬ ಜರ್ಮನಿಯ ಕುಶಲಕರ್ಮಿ. 1807ರಿಂದ 1836ರವರೆಗೆ ಅದೇ ಮಾದರಿ ನಡೆಯಿತು.

ಇನ್ನೂರು ವರ್ಷದ ಬೆಳ್ಳಿ ಇಷ್ಟು ಸವೆಯದೆ ಉಳಿದದ್ದು ಹೇಗೆ ಎಂದು ನನಗೆ ಆಶ್ಚರ್ಯ. ಅದಕ್ಕೂ ಅವನ ಬಳಿ ಉತ್ತರವಿತ್ತು. 1804ರ ನಂತರ ಮೂವತ್ತು ವರ್ಷ ಟಂಕಸಾಲೆ ಚಲಾವಣೆಗೆ ಬೆಳ್ಳಿ ಡಾಲರು ಹೊಡೆಯಲೇ ಇಲ್ಲ. ಅರ್ಧ ಡಾಲರೇ ದೊಡ್ಡ ಬೆಳ್ಳಿ ನಾಣ್ಯವಾಯಿತು. ಬ್ಯಾಂಕಿನವರು ಅದನ್ನು ಚೀಲಗಟ್ಟಲೆ ಕಟ್ಟಿ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದರು. ಸಂತೆಯಲ್ಲಿ ಜನ ಹೆಚ್ಚಾಗಿ ಬಳಸುತ್ತಿದ್ದದ್ದು ಸ್ಪೇನಿನ ನಾಣ್ಯ. 1857ರವರೆಗೂ ಅದು ಅಮೆರಿಕದಲ್ಲಿ ಕಾನೂನುಬದ್ಧವಾಗಿಯೇ ಓಡುತ್ತಿತ್ತು!

"ಈ ಒಂದೇ ವರ್ಷದ್ದು ನಲವತ್ತಕ್ಕೂ ಹೆಚ್ಚು ಥರ ಇದೆ. ನನ್ನದು ಯಾವುದು ಅಂತ ಕಂಡುಹಿಡೀಬೇಕು" ಎಂದ.

ಒಂದೇ ವರ್ಷ, ಒಂದೇ ಮುಖ, ಒಂದೇ ಬೆಲೆ. ನಲವತ್ತು ಥರ ಹೇಗೆ? ಅವನು ಒಂದು ದಪ್ಪ ಪುಸ್ತಕ ತೆರೆದ. ಓವರ್ಟನ್ ಎಂಬವರು 1967ರಲ್ಲಿ ಹೊರತಂದ ಪುಸ್ತಕದ ಈಚಿನ ಮುದ್ರಣ. ಪ್ರತಿ ವರ್ಷದ ನಾಣ್ಯಗಳಿಗೂ 101ರಿಂದ ಶುರುಮಾಡಿ ಸಂಖ್ಯೆ ಕೊಟ್ಟಿದ್ದಾರೆ. ನಾಲ್ಕು ಸಾಲು ಅವನು ಓದಿ ಹೇಳುವಷ್ಟರಲ್ಲಿ ನನ್ನ ಮೈ ಜುಮ್ಮೆಂದಿತು. ಮಕ್ಕಳೇ, ಅದು ನಮ್ಮ ಪ್ರೆಸ್ಸಿನ ಕಥೆಯೇ!

ನಾಣ್ಯ ಹೊಡೆಯಲು ಉಕ್ಕಿನ ಎರಡು ಅಚ್ಚು ಬೇಕು, ಮುಂದಿನದೊಂದು, ಹಿಂದಿನದೊಂದು. ಆ ಕಾಲದಲ್ಲಿ ನಡುವಿನ ಚಿತ್ರವನ್ನು ಅಚ್ಚಿಗೆ ಇಡಿಯಾಗಿ ಒತ್ತುತ್ತಿದ್ದರು. ಆದರೆ ನಕ್ಷತ್ರ, ಇಸವಿಯ ಅಂಕಿ, ಸುತ್ತಲಿನ ಅಕ್ಷರ, ಇವನ್ನು ಒಂದೊಂದೇ ಉಕ್ಕಿನ ಮೊಳೆ ಇಟ್ಟು ಸುತ್ತಿಗೆಯಿಂದ ಹೊಡೆದು ಮೂಡಿಸಬೇಕಿತ್ತು. ಮನುಷ್ಯನ ಕೈ ಅಲ್ಲವೇ? ಒಮ್ಮೆ ನಕ್ಷತ್ರ ಕೂದಲೆಳೆಯಷ್ಟು ಮೇಲೆ ಬೀಳುತ್ತದೆ, ಒಮ್ಮೆ 7 ವಾಲುತ್ತದೆ. ಹೀಗಾಗಿ ಯಾವ ಅಚ್ಚೂ ಇನ್ನೊಂದರಂತಿಲ್ಲ. ಒಂದು ಮುಂದಿನ ಅಚ್ಚು ಒಂದು ಹಿಂದಿನ ಅಚ್ಚಿನೊಡನೆ ಸೇರಿ ಹೊಡೆದದ್ದು ಒಂದು ಥರ. ಇದಕ್ಕೆ ಅವರು ಮದುವೆ ಎನ್ನುತ್ತಾರೆ. ಒಂದು ಅಚ್ಚು ಒಡೆದರೆ ಉಳಿದದ್ದಕ್ಕೆ ಬೇರೆ ಸಂಬಂಧ! 1807ರಿಂದ 1836ರವರೆಗಿನ ಅರ್ಧ ಡಾಲರುಗಳಲ್ಲಿ ಇಂಥ ಜೋಡಿಗಳು ನಾನೂರಕ್ಕೂ ಹೆಚ್ಚು. ಅಚ್ಚು ಬಿರುಕು ಬಿಟ್ಟರೆ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ಗೆರೆ ಉದ್ದವಾದಷ್ಟೂ ನಾಣ್ಯ ಆಮೇಲೆ ಹೊಡೆದದ್ದು ಎಂದು ತಿಳಿಯಬೇಕು. ನಮ್ಮ ಪ್ರೆಸ್ಸಿನಲ್ಲಿ ಬಾಲ ಮುರಿದ ಒಂದು 'ಕ' ಇತ್ತು. ಊರಿನ ಯಾವ ಕರಪತ್ರ ಕೈಗೆ ಬಂದರೂ ಆ 'ಕ' ಕಂಡರೆ ಸಾಕು, ಇದು ನಮ್ಮಲ್ಲಿ ಅಚ್ಚಾದದ್ದು ಎಂದು ಹೇಳುತ್ತಿದ್ದೆ.

ಪುಟ್ಟ ಪುಸ್ತಕದಲ್ಲಿ 1813ರ ಒಂದು ನಾಣ್ಯದ ಚಿತ್ರ ತೋರಿಸಿದ. ಹದ್ದಿನ ಕೆಳಗೆ '50 ಸಿ' ಎಂದಿರುವಲ್ಲಿ ಏನೋ ಗೀರುಗಳು. "ಇದು ಓದೋಕ್ಕೆ ನಂಗೆ ಒಂದು ದಿನ ಬೇಕಾಯ್ತು" ಎಂದ. ನಾನು ನೋಡಿದೊಡನೆ, "ಯು, ಎನ್, ಐ. ತಲೆಕೆಳಗು" ಎಂದೆ. 'ಯುನೈಟೆಡ್' ಎಂಬ ಪದವನ್ನು ಮೇಲೆ ಹೊಡೆಯಬೇಕಾದವನು ಅಚ್ಚನ್ನು ತಿರುವುಮುರುವು ಇಟ್ಟುಕೊಂಡು ಕೆಳಗೆ ಶುರುಮಾಡಿದ್ದಾನೆ. ಮೂರು ಅಕ್ಷರವಾದ ಮೇಲೆ ಎಚ್ಚರವಾಗಿದೆ. ಅಚ್ಚು ಬಿಸಾಡಲು ಮನಸ್ಸು ಬಾರದೆ ಅದರ ಮೇಲೆಯೇ '50 ಸಿ' ಹೊಡೆದಿದ್ದಾನೆ. ಪುಟ್ಟ ನನ್ನನ್ನು ಮೊದಲ ಬಾರಿಗೆ ನೋಡುವವನಂತೆ ನೋಡಿದ. ಅಂದಿನಿಂದ ಆ ಮೇಜಿಗೆ ಎರಡು ಕುರ್ಚಿಯಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಜಾಣ ತಾತನಾಗಿಯೇ ಉಳಿಯುತ್ತಿದ್ದೆ.

ಪ್ರೆಸ್ಸಿನಲ್ಲಿ ದಿನದ ಕೊನೆಗೆ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ಬ್ರಷ್ಷಿನಿಂದ ಉಜ್ಜುವುದು ಪದ್ಧತಿ. ಮಸಿ ಕಟ್ಟಿದ ಮೊಳೆ ಸರಿಯಾಗಿ ಮೂಡುವುದಿಲ್ಲ. ಒಂದು ಮಧ್ಯಾಹ್ನ ಪುಟ್ಟ ಶಾಲೆಯಲ್ಲಿದ್ದಾಗ ನಾಣ್ಯ ನೋಡುತ್ತ ಕೂತಿದ್ದೆ. ನಕ್ಷತ್ರಗಳ ಮೂಲೆಯಲ್ಲಿ ಕಪ್ಪು ಸೇರಿಕೊಂಡು ತುದಿ ಸ್ಪಷ್ಟವಿರಲಿಲ್ಲ. ದೇವರಮನೆಯಲ್ಲಿ ವಿಭೂತಿ ಇತ್ತು. ಹಬ್ಬಕ್ಕೆ ಬೆಳ್ಳಿ ದೀಪ, ಬಟ್ಟಲುಗಳನ್ನು ಅದರಲ್ಲೇ ಅಲ್ಲವೇ ನಾವು ತಿಕ್ಕುವುದು? ಒದ್ದೆ ಬಟ್ಟೆಗೆ ಹಚ್ಚಿ ತಿಕ್ಕಿದೆ. ಹತ್ತೇ ನಿಮಿಷ. ಲಿಬರ್ಟಿ ಹೊಸ ಮದುಮಗಳಂತೆ ಫಳಫಳ ಹೊಳೆದಳು. ಹೆಂಡತಿಯನ್ನು ಕರೆದು ತೋರಿಸಿದೆ ಕೂಡ.

ಪುಟ್ಟ ಬಂದ. ನೋಡಿದ. ಅಳಲಿಲ್ಲ, ಕೂಗಲಿಲ್ಲ. ಬ್ಯಾಗು ಇಳಿಸುವುದನ್ನೇ ಮರೆತು ನಿಂತಿದ್ದ. ಆಮೇಲೆ, "ಪರವಾಗಿಲ್ಲ ತಾತ" ಎಂದು ನಾಣ್ಯವನ್ನು ಡಬ್ಬಿಯಲ್ಲಿಟ್ಟು ಕೆಳಗೆ ಹೋದ. ಅವನು ಬೈದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.

ಶನಿವಾರ ಮಗ ನಮ್ಮಿಬ್ಬರನ್ನೂ ನಾಣ್ಯದ ಅಂಗಡಿಗೆ ಕರೆದೊಯ್ದ. ಅಂಗಡಿಯ ಮುದುಕ ದೀಪದ ಕೆಳಗೆ ನಾಣ್ಯವನ್ನು ಒಂದು ಸುತ್ತು ತಿರುಗಿಸಿ, "ತೊಳೆದಿದ್ದಾರೆ" ಎಂದ. ನನ್ನ ಕೈಗೂ ಭೂತಗನ್ನಡಿ ಕೊಟ್ಟ. ಲಿಬರ್ಟಿಯ ಕೆನ್ನೆಯ ತುಂಬ ಸಣ್ಣ ಸಣ್ಣ ಗೀರು, ನನ್ನ ಬೆರಳು ಓಡಿದ ದಿಕ್ಕಿನಲ್ಲೇ. ಆ ಕಪ್ಪು ಕೊಳೆಯಲ್ಲವಂತೆ. ಬೆಳ್ಳಿ ಗಾಳಿಯೊಡನೆ ಬೆರೆತು ವರ್ಷಗಟ್ಟಲೆ ಕಟ್ಟಿಕೊಂಡ ಪೊರೆ. ಸಂಗ್ರಹಕಾರರು ಅದಕ್ಕೇ ಹೆಚ್ಚು ಹಣ ಕೊಡುತ್ತಾರೆ. ಈಗ ಕೊಂಡ ಬೆಲೆಯ ಅರ್ಧವೂ ಬಾರದು ಎಂದ. ಅಷ್ಟು ಹಣ ನಾನು ಕೊಡುತ್ತೇನೆ, ಬೇರೆ ತೆಗೆದುಕೋ ಎಂದೆ. ಪುಟ್ಟ ತಲೆಯಾಡಿಸಿದ. "ನಂಬರ್ ಇನ್ನೂ ಸಿಕ್ಕಿಲ್ವಲ್ಲ" ಎಂದ.

ಬೆಲೆ ಹೋದರೂ ಅಚ್ಚು ಬದಲಾಗುವುದಿಲ್ಲ ತಾನೆ? ಆ ರಾತ್ರಿಯೇ ಕೂತೆವು. 1827ರಲ್ಲಿ ಮೊದಲು ನೋಡಬೇಕಾದದ್ದು 2ರ ಪಾದ. ಕೆಲವು ಅಚ್ಚಿನಲ್ಲಿ ಅದು ಮಟ್ಟಸ, ಕೆಲವದರಲ್ಲಿ ಸುರುಳಿ. ನಮ್ಮದು ಮಟ್ಟಸ, ಅದೇ ಹೆಚ್ಚು ಸಿಗುವ ಜಾತಿ. 7ರ ಕೆಳಗೆ ಹಿಂದಿನ ವರ್ಷದ 6 ಅಡಗಿದೆಯೇ ಎಂದು ಹುಡುಕಿದೆವು, ಇಲ್ಲ. ಮತ್ತೆ ನಕ್ಷತ್ರದ ತುದಿಗಳು, ಹದ್ದಿನ ಮೇಲಿನ ಪಟ್ಟಿಯ ಯಾವ ಅಕ್ಷರ ಹೊರಸುತ್ತಿನ ಯಾವ ಅಕ್ಷರದ ಕೆಳಗೆ ಬರುತ್ತದೆ ಎಂಬ ಲೆಕ್ಕ. ಅವನು ಪುಸ್ತಕ ಓದುತ್ತಿದ್ದ, ನಾನು ಕಣ್ಣು. ನಾಲ್ಕು ರಾತ್ರಿ ಹಿಡಿಯಿತು. ಎರಡು ಸಲ ಸಿಕ್ಕಿತೆಂದು ಕುಣಿದು, ಮರುದಿನ ತಪ್ಪೆಂದು ಗೊತ್ತಾಯಿತು. ಕೊನೆಗೆ ಸಿಕ್ಕಿದ್ದು ತೀರಾ ಸಾಮಾನ್ಯವಾದ ಜೋಡಿ. ನನಗೆ ಪಿಚ್ಚೆನಿಸಿತು. ಅವನಿಗೆ ಹಾಗೆನಿಸಿದಂತೆ ಕಾಣಲಿಲ್ಲ.

ಸಂಗ್ರಹಕಾರರು ಪ್ರತಿ ನಾಣ್ಯವನ್ನೂ ಒಂದು ಪುಟ್ಟ ಕಾಗದದ ಲಕೋಟೆಯಲ್ಲಿಟ್ಟು, ಮೇಲೆ ಅದರ ಜಾತಕ ಬರೆಯುತ್ತಾರೆ. ಮುಂದೆ ಕೊಳ್ಳುವವರಿಗೆ ಏನನ್ನೂ ಮುಚ್ಚಿಡಬಾರದಂತೆ. ಪುಟ್ಟ ಇಸವಿ ಬರೆದ, ಸಂಖ್ಯೆ ಬರೆದ, 'ತೊಳೆದದ್ದು' ಎಂದು ಇಂಗ್ಲಿಷಿನಲ್ಲಿ ಬರೆದ. ಆಮೇಲೆ ಪೆನ್ನು ಕಚ್ಚುತ್ತ ನನ್ನ ಕಡೆ ನೋಡಿ, "ನಿಮ್ಮ ಹೆಸರು ಕನ್ನಡದಲ್ಲಿ ಹೇಗೆ?" ಎಂದ. ಒಂದು ಚೀಟಿಯ ಮೇಲೆ ಬರೆದು ತೋರಿಸಿದೆ. ನಾಲಿಗೆ ಹೊರಚಾಚಿಕೊಂಡು, ನೋಡಿ ನೋಡಿ ತಿದ್ದಿದ: 'ತಾತ'. ಎರಡನೆಯ ಅಕ್ಷರ ಸಾಲಿನಿಂದ ಸ್ವಲ್ಪ ಕೆಳಗೆ ಜಾರಿ, ಬಲಕ್ಕೆ ವಾಲಿತ್ತು.