ಗಚ್ಚಿಬೌಲಿಯಲ್ಲಿ ನಮ್ಮ ಫಿಯೆಟ್ಟು

ಪ್ರೀಮಿಯರ್ ಪದ್ಮಿನಿ ಅಂತ ಅದರ ಹೆಸರು. ಊರಲ್ಲಿ ಮಾತ್ರ ಯಾರೂ ಹಾಗೆ ಕರೆದದ್ದಿಲ್ಲ, ಎಲ್ಲರಿಗೂ ಅದು ಫಿಯೆಟ್ಟೇ. ಇಟಲಿಯ ಫಿಯೆಟ್ 1100 ಅನ್ನು ಮುಂಬೈನ ಕುರ್ಲಾದಲ್ಲಿ ಆ ಹೆಸರಿಟ್ಟು ತಯಾರಿಸುತ್ತಿದ್ದರು. 2000ದ ಸುಮಾರಿಗೆ ಅದೂ ನಿಂತುಹೋಯಿತು. ನಮ್ಮದು ಅಪ್ಪ 1992ರಲ್ಲಿ ಕೊಂಡದ್ದು. ಅವರು ತೀರಿಕೊಂಡ ಮೇಲೆ ಅಮ್ಮನ ಜೊತೆಗೇ ತೀರ್ಥಹಳ್ಳಿಯಿಂದ ಗಚ್ಚಿಬೌಲಿಗೆ ಬಂತು. ಈಗಿನ ಎತ್ತರದ ಗಾಡಿಗಳನ್ನು ಹತ್ತಲು ಅಮ್ಮನ ಮಂಡಿ ಒಪ್ಪುವುದಿಲ್ಲ. ಹಾಗಾಗಿ ಮುಂದಿನ ಚಕ್ರ ಗಡಗಡ ಅನ್ನತೊಡಗಿದಾಗ "ಮಾರಿಬಿಡ್ರೀ" ಎಂಬ ಸ್ನೇಹಿತರ ಸಲಹೆ ನಮ್ಮನೇಲಿ ನಡೆಯಲಿಲ್ಲ.

ಇಲ್ಲಿ ಗಾಜಿನ ಕಟ್ಟಡಗಳಿಗೂ ಬರವಿಲ್ಲ, ಸರ್ವೀಸ್ ಸೆಂಟರುಗಳಿಗೂ ಬರವಿಲ್ಲ. ಆದರೆ ಅಲ್ಲಿನ ಹುಡುಗರು ಮೊದಲು ಕಂಪ್ಯೂಟರಿನ ವೈರು ಸಿಕ್ಕಿಸುವ ಜಾಗ ಹುಡುಕುತ್ತಾರೆ. ಫಿಯೆಟ್ಟಿಗೆ ಅಂಥ ಜಾಗವೇ ಇಲ್ಲವಲ್ಲ! ಕೊನೆಗೆ ಸಿಕ್ಕವರು ಬೀದರ್ ಕಡೆಯ ಹಿರಿಯ ಮೇಸ್ತ್ರಿಯೊಬ್ಬರು. ನನಗೆ ಹೈದರಾಬಾದು ಪರವೂರು, ಅವರಿಗಲ್ಲ. 1956ರವರೆಗೆ ಬೀದರ್ ಇದ್ದದ್ದೇ ಹೈದರಾಬಾದ್ ರಾಜ್ಯದಲ್ಲಿ.

ಜಾಕ್ ಏರಿಸಿ, ಚಕ್ರವನ್ನು ಮೇಲೊಂದು ಕೆಳಗೊಂದು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. "ಬ್ರೇಕ್ ತುಳೀರಿ ಸರ." ತುಳಿದೆ. ಆಗ ಅಲುಗಾಟ ನಿಂತರೆ ಬೇರಿಂಗಿನ ತೊಂದರೆ. ನಿಲ್ಲದಿದ್ದರೆ ಕಿಂಗ್ ಪಿನ್ ಸವೆದಿದೆ ಎಂದರ್ಥ. ನಿಲ್ಲಲಿಲ್ಲ. ಹಿಂದಕ್ಕೆ ಹೋಗಿ ಬಗ್ಗಿ ನೋಡಿದವರು, "ಕಮಾನ್ ಸುದ್ದಾ ಕುಂತಾವ್ರಿ" ಅಂದರು. ಪ್ಲೇಟುಗಳಿಗೆ ನಮ್ಮ ಕಡೆಯೂ ಕಮಾನು ಅಂತಲೇ ಅನ್ನುವುದು. ಇಷ್ಟು ದೂರದ ಊರಲ್ಲಿ ಆ ಮಾತು ಕೇಳಿ, ಖರ್ಚಿನ ಲೆಕ್ಕ ಒಂದು ಗಳಿಗೆ ಮರೆತೇಹೋಯಿತು.

ರಬ್ಬರ್ ಬುಷ್ಷುಗಳು ಸಿಕಂದರಾಬಾದಿನ ರಾಣಿಗಂಜಿನಲ್ಲಿ ಸಿಕ್ಕವು. ಕಿಂಗ್ ಪಿನ್ ಸೆಟ್ಟನ್ನು ಭಾವ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ರಾತ್ರಿ ಬಸ್ಸಿಗೆ ಹಾಕಿದರು. ಪ್ಲೇಟುಗಳನ್ನು ಮೇಸ್ತ್ರಿ ಬಿಚ್ಚಿ, ಬಡಿಸಿ, ಮತ್ತೆ ಬಿಲ್ಲಿನ ಹಾಗೆ ಬಗ್ಗಿಸಿಕೊಂಡು ಬಂದರು.

ಬೋಲ್ಟುಗಳನ್ನು ಮಾತ್ರ ಅವರು ಪೂರ್ತಿ ಬಿಗಿಯಲಿಲ್ಲ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಬಿಗಿದರೆ, ಗಾಡಿ ನೆಲಕ್ಕಿಳಿದಾಗ ಬುಷ್ಷಿನ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದಂತೆ. ಜಾಕ್ ಇಳಿಸಿ, "ಅವ್ವಾರ, ಹಿಂದಿನ ಸೀಟಿನಾಗ ಕೂಡ್ರಿ" ಅಂದರು. ಅಮ್ಮ ವ್ಯಾನಿಟಿ ಬ್ಯಾಗ್ ಮಡಿಲಲ್ಲಿಟ್ಟುಕೊಂಡು, ಪ್ರಯಾಣಕ್ಕೆ ಹೊರಟವಳ ಹಾಗೆ ಕೂತಳು. ಅವರು ಕೆಳಗೆ ಮಲಗಿ ಸ್ಪ್ಯಾನರ್ ತಿರುಗಿಸುತ್ತಿದ್ದರು.

"ಇಳೀಲಾ ಮಾರಾಯಾ?"

"ಇಳೀಬ್ಯಾಡ್ರಿ ಅವ್ವಾರ, ನಿಮ್ಮ ಭಾರದ ಮ್ಯಾಲೇ ಬಿಗಿ ಮಾಡ್ಲಿಕತ್ತೀನಿ."

"ತೀರ್ಥಹಳ್ಳಿ ತನಕ ಹೋಗತ್ತಾ ಇದು?"

"ಹೋಗಿ ತಿರುಗಿ ಬರ್ತದರಿ."

ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿನ ನಂಬರ್ ಹಾಕಿಸಬೇಕು. ಒಂಬತ್ತು ತಿಂಗಳಾಗಿದೆ. ಅರ್ಜಿ ತಂದಿಟ್ಟಿದ್ದೇನೆ. ಕೆಎ-14 ತೆಗೆಸೋ ಮೊದಲು ಒಂದ್ಸಲ ಊರಿಗೆ ಹೋಗಿಬರೋಣ ಅಂತಾಳೆ ಅಮ್ಮ. "ಹೋಗಿಬರೋಣ" ಅಂದಳೋ, "ಹೋಗೋಣ" ಅಂದಳೋ, ನಾನು ಮತ್ತೆ ಕೇಳಲಿಲ್ಲ.