ಜೋಳಿಗೆಗೆ ಬಿದ್ದ ಬೀಡಿಕಟ್ಟು

ಹಾನಗಲ್ಲ, ಶಿಗ್ಗಾಂವಿ ಕಡೆಯಿಂದ ಬರುವ ಆಮಂತ್ರಣ ಪತ್ರಿಕೆಗಳನ್ನು ನಾನು ಬುಡದಿಂದ ಓದುತ್ತೇನೆ. ಮೇಲಿನ ಮುಕ್ಕಾಲು ಪಾಲು ಮಠದ ಅಜ್ಜಾರದು. ದಿವ್ಯ ಸಾನ್ನಿಧ್ಯ ಒಬ್ಬರದು, ಸಾನ್ನಿಧ್ಯ ಇನ್ನೊಬ್ಬರದು, ಸಮ್ಮುಖ ಮತ್ತೊಬ್ಬರದು. ಯಾವ ಮಠದ ಹೆಸರು ಯಾವುದರ ಕೆಳಗೆ ಬಂದರೆ ಎಂಥ ಅನಾಹುತ ಎಂಬುದು ಪ್ರೆಸ್ಸಿನವನಿಗೇ ಗೊತ್ತು. ಕಾರ್ಯಕ್ರಮ ಯಾತಕ್ಕೆಂಬುದು ಕಟ್ಟಕಡೆಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ: ದುಶ್ಚಟ ನಿರ್ಮೂಲನೆ.

ಹಿರೇಕೆರೂರಿನಲ್ಲಿ ಅಂಥದೊಂದು ಪೆಂಡಾಲಿನ ಕಡೇ ಸಾಲಿನಲ್ಲಿ ಕೂತಿದ್ದೆ. ಗುಟಕಾದ ಕೇಡಿನ ಮೇಲೆ ಆಶೀರ್ವಚನ ಎರಡನೇ ತಾಸಿಗೆ ಕಾಲಿಟ್ಟಿತ್ತು. ಬೆನ್ನಿಗೇ ಇದ್ದ ಪಾನಪಟ್ಟಿ ಅಂಗಡಿಯವನಿಗೆ ತಲೆ ಎತ್ತಲು ಪುರಸೊತ್ತಿರಲಿಲ್ಲ. "ಅಜ್ಜಾರು ಉದ್ದ ಮಾತಾಡಿದಷ್ಟೂ ನಮಗ ಚಲೋರಿ" ಅಂದ. ಅಬಲೂರು, ಮಾಸೂರು ಎರಡೂ ನಮ್ಮವನೆಂದು ಜಗ್ಗಾಡುವ ಸರ್ವಜ್ಞನ ಸೀಮೆಯದು. ಆತನಿದ್ದಿದ್ದರೆ ಮೂರೇ ಸಾಲಿನಲ್ಲಿ ಸಭೆ ಬರಖಾಸ್ತಾಗುತ್ತಿತ್ತು.

ಇಳಕಲ್ಲಿನ ಮಹಾಂತ ಶಿವಯೋಗಿಗಳು ಬೇರೆ ದಾರಿ ಹಿಡಿದವರು. ಊರೂರು ತಿರುಗಿ, ಜೋಳಿಗೆ ಒಡ್ಡಿ, ಜನರ ಚಟಗಳನ್ನೇ ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ನಮ್ಮ ಸೋದರಮಾವನೂ ಆ ಜೋಳಿಗೆಗೆ ಬೀಡಿಕಟ್ಟು ಹಾಕಿದ. ಕಡ್ಡಿಪೆಟ್ಟಿಗೆ ಮಾತ್ರ ಕಿಸೆಯಲ್ಲೇ ಉಳಿಯಿತು. "ದೇವರ ದೀಪಾ ಹಚ್ಚಾಕ ಬೇಕಲ್ಲ?" ಎಂದು ಅತ್ತೆಗೆ ಸಮಜಾಯಿಷಿ. ಕೆಲವು ತಿಂಗಳು ಮನೆಯ ದೀಪ ಹೊತ್ತಿಗೆ ಸರಿಯಾಗಿ ಹತ್ತಿತು. ಮುಂದಿನದು ಬೇಡ ಬಿಡಿ, ಅತ್ತೆ ಇನ್ನೂ ಇದ್ದಾಳೆ.

ಇಂಥ ಇನ್ನೊಬ್ಬರು ಹಾನಗಲ್ಲ ಕುಮಾರಸ್ವಾಮಿಗಳು (1867-1930). 1904ರಲ್ಲಿ ವೀರಶೈವ ಮಹಾಸಭೆ ಕಟ್ಟಿದರು, 1909ರಲ್ಲಿ ಮಲಪ್ರಭೆಯ ದಂಡೆಗೆ ಶಿವಯೋಗಮಂದಿರ ಎಬ್ಬಿಸಿದರು. ದೊಡ್ಡ ಕೆಲಸಗಳೇ. ನನ್ನ ಮನಸ್ಸು ಹೋಗುವುದು ಮಾತ್ರ ಕಾಡಶೆಟ್ಟಿಹಳ್ಳಿಯ ಕಣ್ಣಿಲ್ಲದ ಅಣ್ಣತಮ್ಮಂದಿರ ಕಡೆಗೆ. ಅವರ ಹಾಡು ಕೇಳಿದ ಸ್ವಾಮಿಗಳು ಅಂಧರ ಸಮಸ್ಯೆ ಕುರಿತು ವಿಚಾರಗೋಷ್ಠಿ ಇಡಲಿಲ್ಲ. ಹುಡುಗರನ್ನು ಕರಕೊಂಡು ಹೋಗಿ ಸಂಗೀತಕ್ಕೆ ಹಚ್ಚಿದರು. ಅವರಲ್ಲೊಬ್ಬರು ಪಂಚಾಕ್ಷರ ಗವಾಯಿಗಳಾದರು. ಅವರ ಕೈಯಲ್ಲಿ ದೇವಗಿರಿಯ ಪುಟ್ಟರಾಜರು ತಯಾರಾದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಿಂದ ಹಾರ್ಮೋನಿಯಂ, ತಬಲಾ ಕಲಿತು ಹೊರಬಿದ್ದ ಕಣ್ಣಿಲ್ಲದ ಮಕ್ಕಳು ನಾಡತುಂಬ ಅನ್ನ ಸಂಪಾದಿಸಿದರು.

ಸವಣೂರಿನ ಒಂದು ಸಭೆಯಲ್ಲಿ ಆ ಪುಣ್ಯಾಶ್ರಮದಲ್ಲಿ ಕಲಿತ ತರುಣನೊಬ್ಬ ಶರೀಫಜ್ಜನ ತತ್ವಪದ ಎತ್ತಿಕೊಂಡ. ಶಿಶುನಾಳದ ಮುಸಲ್ಮಾನ ಶಿಷ್ಯ, ಕಳಸದ ಬ್ರಾಹ್ಮಣ ಗುರು ಗೋವಿಂದಭಟ್ಟ, ಹಾಡುವವ ಮಠದ ಹುಡುಗ. ಹಿಂದಿನ ಸಾಲಿನವರೂ ಮೊಬೈಲು ಕೆಳಗಿಟ್ಟರು. "ಇನ್ನೊಂದು!" ಎಂದು ಜನ ಕೂಗಿದರು. ನಿರೂಪಕರು ಸಮಯದ ಅಭಾವವೆಂದು ಮೈಕು ಇಸಕೊಂಡು, ಸಮಯದ ಮಹತ್ವದ ಬಗ್ಗೆ ಅರ್ಧ ತಾಸು ಮಾತಾಡಿದರು.